ಗುರುವಿನ ಧ್ರುವಗಳು ಅವಕೆಂಪಿನಲ್ಲಿ ಬೆಳ್ಳಗೆ ಕಾಣುತ್ತಿವೆ: ಇದು ಧ್ರುವಪ್ರಭೆಯೇ?

ಮೀಥೇನ್889:
ಎಲ್ಲರಿಗೂ ನಮಸ್ಕಾರ. ಎಂಟು ಇಂಚಿನ ದೂರದರ್ಶಕಕ್ಕೆ 889 ನ್ಯಾನೊಮೀಟರಿನ ಮೀಥೇನ್ ಫಿಲ್ಟರ್ ಅಳವಡಿಸಿ, ಕಪ್ಪು-ಬಿಳುಪು ಕ್ಯಾಮೆರಾದಲ್ಲಿ ಗುರುಗ್ರಹವನ್ನು ಸೆರೆಹಿಡಿಯುತ್ತಿದ್ದೇನೆ. ಸಿಗುವ ಬೆಳಕು ತೀರಾ ಕಡಿಮೆ. ಆದರೂ ಚೌಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಎರಡೂ ಧ್ರುವಗಳು ಎದ್ದು ಕಾಣುವಷ್ಟು ಬೆಳ್ಳಗಿವೆ. ಮಾಮೂಲಿ ಬಣ್ಣದ ಚಿತ್ರದಲ್ಲಿ ಅದೇ ಜಾಗ ಬೂದಿ ಬಣ್ಣಕ್ಕಿದೆ. ಜೇಮ್ಸ್ ವೆಬ್ ದೂರದರ್ಶಕದ ಅವಕೆಂಪು ಚಿತ್ರಗಳಲ್ಲಿಯೂ ಗುರುವಿನ ಧ್ರುವಗಳು ಹೀಗೆಯೇ ಹೊಳೆಯುವುದನ್ನು ನೋಡಿದ್ದೇನೆ. ಹಾಗಾದರೆ ನನ್ನ ಚಿತ್ರದಲ್ಲಿರುವುದು ಧ್ರುವಪ್ರಭೆಯೇ, ಅಂದರೆ ಕಣಗಳು ವಾತಾವರಣಕ್ಕೆ ಬಡಿದಾಗ ಧ್ರುವದ ಬಳಿ ಮೂಡುವ ಬೆಳಕೇ? ಬಲ್ಲವರು ತಿಳಿಸಿ.

ಹಳೆಗನ್ನಡಿ:
ಚಿತ್ರ ಚೆನ್ನಾಗಿದೆ. ಧ್ರುವಪ್ರಭೆ ಅಲ್ಲ. ಯಾಕೆ ಅಲ್ಲ ಎಂಬುದನ್ನು ರೋಹಿತದರ್ಶಿಯವರು ಬಂದು ನಾಲ್ಕು ಪುಟ ಬರೆಯುತ್ತಾರೆ, ಕಾಯಿರಿ.

ರೋಹಿತದರ್ಶಿ:
ನಾಲ್ಕು ಪುಟ ಬೇಡ, ನಿಮ್ಮ ಚಿತ್ರವೇ ಸಾಕ್ಷಿ ಹೇಳುತ್ತದೆ. ಧ್ರುವಗಳ ಜೊತೆಗೆ ಇನ್ನೇನು ಬೆಳ್ಳಗಿದೆ ನೋಡಿ: ದೊಡ್ಡ ಕೆಂಪು ಕಲೆ, ಗುರುವಿನ ಆ ದೈತ್ಯ ಸುಂಟರಗಾಳಿ. ಅಲ್ಲಿ ಯಾವ ಧ್ರುವಪ್ರಭೆಯೂ ಇಲ್ಲ. ಕಲೆ ಬೆಳ್ಳಗಿರುವುದು ಅದರ ಮೋಡದ ನೆತ್ತಿ ಎತ್ತರದಲ್ಲಿರುವುದರಿಂದ. 889 ನ್ಯಾನೊಮೀಟರಿನಲ್ಲಿ ಮೀಥೇನ್ ಅನಿಲ ಬಿಸಿಲನ್ನು ನುಂಗುತ್ತದೆ. ಕೆಳಗಿನ ಮೋಡಗಳನ್ನು ತಲುಪಿ ಮರಳಬೇಕಾದ ಬೆಳಕು ದಾರಿಯಲ್ಲೇ ಮಾಯ. ಮೀಥೇನಿನ ಬಹುಪಾಲು ಪದರಕ್ಕಿಂತ ಮೇಲೆ ಏನಾದರೂ ತೇಲುತ್ತಿದ್ದರೆ ಅದು ಮಾತ್ರ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಧ್ರುವಗಳ ಮೇಲೆ ಹಾಗೆ ತೇಲುವುದು ತೆಳು ಮಬ್ಬು, ಅಂದರೆ ಹೈಡ್ರೋಕಾರ್ಬನ್ನಿನ ಸೂಕ್ಷ್ಮ ಕಣಗಳ ಪದರ.

ಇನ್ನೊಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಉಪಗ್ರಹದ ನೆರಳು ಆ ಬಿಳಿ ಭಾಗದ ಮೇಲೆ ಹಾಯುವ ರಾತ್ರಿ ಚಿತ್ರ ತೆಗೆಯಿರಿ. ನೆರಳು ಬಿದ್ದಲ್ಲಿ ಕಪ್ಪು ಚುಕ್ಕೆ ಮೂಡಿದರೆ ಅದು ಬಿಸಿಲಿನ ಪ್ರತಿಫಲನವೇ ಹೌದು. ತಾನಾಗಿ ಹೊಳೆಯುವುದಕ್ಕೆ ಸೂರ್ಯನ ನೆರಳಿನ ಹಂಗಿಲ್ಲ.

ಮಜಾ ಏನೆಂದರೆ ನಿಮ್ಮ ಊಹೆ ಪೂರ್ತಿ ದಿಕ್ಕುತಪ್ಪಿಲ್ಲ. ಆ ಮಬ್ಬು ಅಷ್ಟು ದಟ್ಟವಾಗಿ ಧ್ರುವಗಳಲ್ಲೇ ಕಟ್ಟಿಕೊಳ್ಳುವುದಕ್ಕೆ ಧ್ರುವಪ್ರಭೆಯ ಕಣಗಳೇ ಕಾರಣವಿರಬಹುದು ಎಂಬ ವಾದ ಬಲವಾಗಿದೆ. ಮೇಲಿನಿಂದ ಸುರಿಯುವ ಎಲೆಕ್ಟ್ರಾನುಗಳು ಮೀಥೇನನ್ನು ಒಡೆದಾಗ ಅದರ ತುಣುಕುಗಳು ಕೂಡಿಕೊಂಡು ಭಾರದ ಅಣುಗಳಾಗುತ್ತವೆ, ಅವೇ ಮುಂದೆ ಮಬ್ಬಾಗುತ್ತವೆ. ಧ್ರುವಪ್ರಭೆ ನಿಮಗೆ ಸಿಕ್ಕಿಲ್ಲ, ಅದು ಬಿಟ್ಟುಹೋದ ಮಸಿ ಸಿಕ್ಕಿದೆ.

ಮೀಥೇನ್889:
ಕೆಂಪು ಕಲೆಯ ಮಾತು ಒಪ್ಪಿದೆ. ಹಾಗಿದ್ದರೆ ನಿಜವಾದ ಧ್ರುವಪ್ರಭೆ ಯಾವ ತರಂಗಾಂತರದಲ್ಲಿದೆ? ಬೇರೆ ಫಿಲ್ಟರ್ ಕೊಂಡರೆ ಈ ಕ್ಯಾಮೆರಾದಲ್ಲಿಯೇ ಸಾಧ್ಯವೇ?

ರೋಹಿತದರ್ಶಿ:
ಸಾಧ್ಯವಿಲ್ಲ. ಬೇಕಿರುವುದು 3ರಿಂದ 4 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 1,000 ನ್ಯಾನೊಮೀಟರ್). ನಿಮ್ಮ ಕ್ಯಾಮೆರಾದ ಸಿಲಿಕಾನ್ ಸಂವೇದಕ ಸುಮಾರು 1.1 ಮೈಕ್ರಾನ್ ದಾಟಿದರೆ ಕುರುಡು. ಆ ಬೆಳಕು ಮಾಮೂಲಿ ಗಾಜಿನ ಮಸೂರದ ಮೂಲಕವೂ ಸರಿಯಾಗಿ ಹಾಯುವುದಿಲ್ಲ. ಇಂಡಿಯಂ ಆಂಟಿಮನೈಡ್ ಅಥವಾ ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಯುರೈಡ್ ಸಂವೇದಕ ಬೇಕು, ಅದನ್ನು ಗಡ್ಡೆಕಟ್ಟುವ ಶೀತದಲ್ಲಿ ಇಡಬೇಕು. ಅಷ್ಟಾದರೂ ಗೋಳು ತಪ್ಪುವುದಿಲ್ಲ. ಆ ತರಂಗಾಂತರದಲ್ಲಿ ನೆಲದ ಮೇಲಿನ ದೂರದರ್ಶಕವೂ ಅದರ ಮೇಲಿನ ಗಾಳಿಯೂ ತಾವೇ ಮಿನುಗುತ್ತಿರುತ್ತವೆ. ಅದಕ್ಕೇ ವೀಕ್ಷಕರು ದೂರದರ್ಶಕವನ್ನು ಗ್ರಹದ ಮೇಲೊಮ್ಮೆ, ಪಕ್ಕದ ಖಾಲಿ ಆಕಾಶದ ಮೇಲೊಮ್ಮೆ ತಿರುಗಿಸುತ್ತಾ, ಒಂದರಿಂದ ಇನ್ನೊಂದನ್ನು ಕಳೆಯುತ್ತಾ ರಾತ್ರಿ ಕಳೆಯುತ್ತಾರೆ. ನೀರಾವಿ ಕಡಿಮೆ ಇರುವ ಎತ್ತರದ ಬೆಟ್ಟವೇ ಬೇಕು. ಹವಾಯಿಯ ಮೌನಾ ಕೀ ಸುಮಾರು 4,200 ಮೀಟರ್ ಎತ್ತರದಲ್ಲಿದೆ. ಗುರುವಿನ ಅವಕೆಂಪು ಧ್ರುವಪ್ರಭೆಯ ಚರಿತ್ರೆಯಲ್ಲಿ ದೊಡ್ಡ ಪಾಲು ಅಲ್ಲಿಯೇ ಬರೆದದ್ದು.

ಈ ತರಂಗಾಂತರಗಳಲ್ಲಿ ಒಂದು ಅನುಕೂಲವೂ ಇದೆ. 3.3 ಮೈಕ್ರಾನಿನ ಆಸುಪಾಸಿನಲ್ಲಿ ಮೀಥೇನ್ ಇನ್ನೂ ಹಸಿದಿರುತ್ತದೆ, ಬಿಸಿಲನ್ನು ಬಹುತೇಕ ಪೂರ್ತಿ ನುಂಗುತ್ತದೆ. ಹಾಗಾಗಿ ಗುರುವಿನ ಬಿಂಬ ಕತ್ತಲಾಗುತ್ತದೆ, ಅದಕ್ಕೂ ಬಹಳ ಮೇಲೆ ಹೊಳೆಯುವ ಧ್ರುವಪ್ರಭೆ ಹಗಲು ಬದಿಯಲ್ಲಿಯೇ ನಿಚ್ಚಳವಾಗಿ ಕಾಣುತ್ತದೆ. ದೃಗ್ಗೋಚರ ಬೆಳಕಿನಲ್ಲಿ ಅದನ್ನು ಹಿಡಿಯಬೇಕಾದರೆ ಗುರುವಿನ ರಾತ್ರಿ ಬದಿಗೇ ನೌಕೆ ಕಳುಹಿಸಬೇಕು.

ಹಳೆಗನ್ನಡಿ:
ನನ್ನದೊಂದು ಹಳೆಯ ತಕರಾರು. ಕಣ್ಣಿಗೆ ಕಾಣದ್ದನ್ನು ಹಿಡಿದು ಅದಕ್ಕೆ ಕೆಂಪು, ನೀಲಿ ಬಳಿದು 'ಗುರುವಿನ ಅದ್ಭುತ ಬೆಳಕಿನಾಟ' ಎಂದು ಹಂಚುತ್ತಾರೆ. ಗುರುವಿನ ಧ್ರುವದ ಮೇಲೆ ನಿಂತವನಿಗೆ (ನಿಲ್ಲಲು ನೆಲವಿಲ್ಲ, ಅದು ಬೇರೆ ಮಾತು) ಆ ಕೆಂಪು ಎಂದಿಗೂ ಕಾಣುವುದಿಲ್ಲ. ಅದೂ ಹೋಗಲಿ. ನೇರಳಾತೀತದಲ್ಲಿ ವಾಯೇಜರ್ ನೌಕೆ 1979ರಲ್ಲಿಯೇ ಗುರುವಿನ ಧ್ರುವಪ್ರಭೆ ಕಂಡಿತ್ತು. ಹಬಲ್ ದಶಕಗಳಿಂದ ಅಚ್ಚುಕಟ್ಟಾದ ಚಿತ್ರ ಕೊಡುತ್ತಿದೆ. ಧ್ರುವದ ಸುತ್ತಲಿನ ಅದೇ ಬೆಳಕಿನ ಉಂಗುರವನ್ನು ಅವಕೆಂಪಿನಲ್ಲಿ ಮತ್ತೆ ನೋಡುವುದರಿಂದ ಹೊಸದಾಗಿ ತಿಳಿಯುವುದೇನು?

ರೋಹಿತದರ್ಶಿ:
ಬಣ್ಣದ ತಕರಾರು ನ್ಯಾಯವಾದದ್ದೇ. ಚಿತ್ರದ ಕೆಳಗೆ 'ಕೃತಕ ಬಣ್ಣ' ಎಂದು ದಪ್ಪಕ್ಷರದಲ್ಲಿ ಹಾಕಲು ಯಾರಿಗೂ ಕೈ ಬರುವುದಿಲ್ಲ. ಎರಡನೆಯ ಮಾತನ್ನು ಮಾತ್ರ ಒಪ್ಪಲಾರೆ. ನೇರಳಾತೀತದಲ್ಲಿ ಕಾಣುವುದೂ ಅವಕೆಂಪಿನಲ್ಲಿ ಕಾಣುವುದೂ ಒಂದೇ ವಸ್ತುವಲ್ಲ.

ನೇರಳಾತೀತದಲ್ಲಿ ಹೊಳೆಯುವುದು ಈಗಷ್ಟೇ ಏಟು ತಿಂದ ಹೈಡ್ರೋಜನ್. ಕಾಂತಕ್ಷೇತ್ರದ ರೇಖೆಗುಂಟ ನುಗ್ಗಿಬಂದ ಎಲೆಕ್ಟ್ರಾನ್ ಬಡಿದ ಕೂಡಲೇ ಅಣು ಬೆಳಕು ಚೆಲ್ಲಿ ಸುಮ್ಮನಾಗುತ್ತದೆ. ಅವಕೆಂಪಿನಲ್ಲಿ ಹೊಳೆಯುವುದು ಆ ಏಟಿನಿಂದ ಹುಟ್ಟಿದ ಬೇರೊಂದು ಅಯಾನು, ಎಚ್3+. ಏಟಿಗೆ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್ ಅಣು ಪಕ್ಕದ ಹೈಡ್ರೋಜನ್ ಅಣುವಿಗೆ ಒಂದು ಪ್ರೋಟಾನನ್ನು ದಾಟಿಸುತ್ತದೆ, ಆ ಪಕ್ಕದ ಅಣುವೇ ಎಚ್3+ ಆಗುತ್ತದೆ. ಮೂರು ಪ್ರೋಟಾನುಗಳು ಸಮಬಾಹು ತ್ರಿಕೋನದಲ್ಲಿ ಕುಳಿತಿರುತ್ತವೆ, ಅವನ್ನು ಬೆಸೆದಿರುವುದು ಎರಡೇ ಎಲೆಕ್ಟ್ರಾನುಗಳು. ಈ ತ್ರಿಕೋನಕ್ಕೆ ದೃಗ್ಗೋಚರದಲ್ಲಿಯೂ ನೇರಳಾತೀತದಲ್ಲಿಯೂ ಹೇಳಿಕೊಳ್ಳುವಂಥ ರೋಹಿತವಿಲ್ಲ (ರೋಹಿತ ಎಂದರೆ ತರಂಗಾಂತರಗಳಾಗಿ ಬಿಡಿಸಿದ ಬೆಳಕು). ಅದು ಕಂಪಿಸಿದಾಗ ಅವಕೆಂಪಿನಲ್ಲಿ, ಮುಖ್ಯವಾಗಿ 4 ಮೈಕ್ರಾನಿನ ಸುತ್ತಮುತ್ತ, ಬೆಳಕು ಬಿಡುತ್ತದೆ, ಅಷ್ಟೇ ಅದರ ಸಹಿ.

ಕಮ್ಮಾರನ ಕುಲುಮೆಯಲ್ಲಿ ಸುತ್ತಿಗೆ ಬಿದ್ದಾಗ ಹಾರುವ ಕಿಡಿ ನೇರಳಾತೀತವಾದರೆ, ಕಬ್ಬಿಣದ ಮೈಯಲ್ಲಿ ಉಳಿಯುವ ಕಾವು ಅವಕೆಂಪು. ಕಿಡಿ ಎಷ್ಟು ಹಾರಿತು ಎಂಬುದರಿಂದ ಏಟಿನ ಬಲ ತಿಳಿಯುತ್ತದೆ. ಕಬ್ಬಿಣ ಎಷ್ಟು ಕಾದಿದೆ ಎಂದು ತಿಳಿಯಬೇಕಾದರೆ ಕಬ್ಬಿಣವನ್ನೇ ನೋಡಬೇಕು. ಎಚ್3+ ಸುತ್ತಲಿನ ಅನಿಲದೊಂದಿಗೆ ಡಿಕ್ಕಿ ಹೊಡೆಯುತ್ತಾ ಅದರ ಉಷ್ಣತೆಯನ್ನೇ ತನ್ನದಾಗಿಸಿಕೊಳ್ಳುತ್ತದೆ. ಅದರ ರೋಹಿತದ ಎರಡು ರೇಖೆಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಎಷ್ಟು ಪ್ರಖರ ಎಂದು ಅಳೆದರೆ ಮೋಡಗಳಿಂದ ನೂರಾರು ಕಿಲೋಮೀಟರ್ ಮೇಲಿನ ಅನಿಲದ ಕೆಲ್ವಿನ್ ಅಂಕಿ ಕೈಗೆ ಸಿಗುತ್ತದೆ. ರೇಖೆ ತನ್ನ ಜಾಗದಿಂದ ಎಷ್ಟು ಸರಿದಿದೆ ಎಂದು ನೋಡಿದರೆ ಡಾಪ್ಲರ್ ಲೆಕ್ಕದಿಂದ ಅಯಾನುಗಳ ವೇಗವೂ ಸಿಗುತ್ತದೆ. ಧ್ರುವಪ್ರಭೆಯ ಉಂಗುರದ ಗುಂಟ ಅವು ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹರಿಯುವುದು ಗೊತ್ತಾದದ್ದು ಹೀಗೆಯೇ. ಹಬಲ್ ಚಿತ್ರ ಎಷ್ಟೇ ಅಚ್ಚುಕಟ್ಟಾಗಿದ್ದರೂ ಇವೆರಡನ್ನು ಹೇಳಲಾರದು.

ಪ್ರಶ್ನಾರ್ಥಕ:
ಈ ಎಚ್3+ ಗುರುವಿನಲ್ಲಿದೆ ಎಂದು ಮೊದಲು ತಿಳಿದದ್ದು ಹೇಗೆ? ಹುಡುಕಿಕೊಂಡೇ ಹೋಗಿದ್ದರೇ?

ರೋಹಿತದರ್ಶಿ:
ಇಲ್ಲ, ಅದೇ ಸ್ವಾರಸ್ಯ. ಪ್ರಯೋಗಾಲಯದಲ್ಲಿ ಜೆ.ಜೆ. ಥಾಮ್ಸನ್ 1911ರಲ್ಲಿಯೇ ಇದರ ಸುಳಿವು ಹಿಡಿದಿದ್ದರು. ಅವಕೆಂಪು ರೋಹಿತವನ್ನು ಅಳೆಯಲು 1980ರವರೆಗೆ ಕಾಯಬೇಕಾಯಿತು, ಅಳೆದವರು ತಕೇಶಿ ಓಕಾ. ಆಮೇಲೆ ಎಲ್ಲರೂ ಇದನ್ನು ನಕ್ಷತ್ರಗಳ ನಡುವಿನ ಮೋಡಗಳಲ್ಲಿ ಹುಡುಕುತ್ತಿದ್ದರು. ಅತ್ತ ಗುರುವಿನ ಧ್ರುವದ ರೋಹಿತದಲ್ಲಿ 2 ಮೈಕ್ರಾನಿನ ಬಳಿ ಯಾವುದಕ್ಕೂ ಹೊಂದದ ಕೆಲವು ರೇಖೆಗಳು ಕಂಡು ತಲೆತಿನ್ನುತ್ತಿದ್ದವು. 1988ರಲ್ಲಿ ಮೌನಾ ಕೀ ಮೇಲಿನ ಕೆನಡಾ-ಫ್ರಾನ್ಸ್-ಹವಾಯಿ ದೂರದರ್ಶಕದಿಂದ ಪಿಯರ್ ಡ್ರೊಸ್ಸಾರ್ ಮತ್ತು ಸಂಗಡಿಗರು ಪಡೆದ ರೋಹಿತದಲ್ಲಿ ಆ ರೇಖೆಗಳು ಎಚ್3+ ಅಯಾನಿನವು ಎಂದು ಖಚಿತವಾಯಿತು, 1989ರಲ್ಲಿ ಪ್ರಕಟವಾಯಿತು. ಭೂಮಿಯಾಚೆ ಈ ಅಯಾನು ಸಿಕ್ಕಿದ ಮೊದಲ ಜಾಗ ಗುರುವಿನ ಧ್ರುವಪ್ರಭೆ. ನಕ್ಷತ್ರಾಂತರ ಮೋಡಗಳು ಬಾಯಿಬಿಟ್ಟದ್ದು ಆಮೇಲೆ.

ಪ್ರಶ್ನಾರ್ಥಕ:
ಭೂಮಿಯ ಧ್ರುವಪ್ರಭೆಗೆ ಸೌರ ಮಾರುತ, ಅಂದರೆ ಸೂರ್ಯನಿಂದ ಹರಿದುಬರುವ ಕಣಗಳು, ಕಾರಣ ಎಂದು ಪಠ್ಯದಲ್ಲಿದೆ. ಗುರು ಸೂರ್ಯನಿಂದ ಐದು ಪಟ್ಟು ದೂರ. ಅಷ್ಟು ದೂರದಲ್ಲಿ ಸೌರ ಮಾರುತಕ್ಕೆ ಅಷ್ಟು ಕಸುವು ಎಲ್ಲಿಂದ?

ಅಯೋ_ಪಥ:
ಇದು ನನ್ನ ಇಲಾಖೆ, ನಾನು ಹೇಳುತ್ತೇನೆ. ಗುರುವಿನಲ್ಲಿ ಮುಖ್ಯ ಪಾತ್ರ ಸೌರ ಮಾರುತದ್ದಲ್ಲ, ಅಯೋ ಎಂಬ ಉಪಗ್ರಹದ್ದು. ಅದರ ಜ್ವಾಲಾಮುಖಿಗಳು ಉಗುಳಿದ ಗಂಧಕದ ಡೈಆಕ್ಸೈಡಿನಲ್ಲಿ ಸೆಕೆಂಡಿಗೆ ಸುಮಾರು ಒಂದು ಟನ್ನಿನಷ್ಟು ಗುರುವಿನ ಕಾಂತಗೋಳವನ್ನು (ಅದರ ಕಾಂತಕ್ಷೇತ್ರದ ಹಿಡಿತದಲ್ಲಿರುವ ಸುತ್ತಲಿನ ಜಾಗವನ್ನು) ಸೇರಿ ಅಯಾನುಗಳಾಗುತ್ತದೆ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ಮುಗಿಸುವ ಗ್ರಹ. ಅದರ ಕಾಂತಕ್ಷೇತ್ರ ಈ ಅಯಾನುಗಳನ್ನೆಲ್ಲ ತನ್ನ ವೇಗದಲ್ಲೇ ಎಳೆದುಕೊಂಡು ತಿರುಗಲು ನೋಡುತ್ತದೆ. ಅವು ಹೊರಕ್ಕೆ ಸರಿದಂತೆ ಹಿಂದೆ ಬೀಳುತ್ತವೆ, ಎಳೆದಾಟದಲ್ಲಿ ವಿದ್ಯುತ್ ಪ್ರವಾಹ ಹುಟ್ಟುತ್ತದೆ, ಆ ಪ್ರವಾಹ ಧ್ರುವಗಳ ಬಳಿ ವಾತಾವರಣಕ್ಕೆ ಇಳಿಯುತ್ತದೆ. ಸೂರ್ಯ ಸುಮ್ಮನಿದ್ದರೂ ಗುರುವಿನ ಧ್ರುವಪ್ರಭೆ ಆರುವುದಿಲ್ಲ. ಸೌರ ಮಾರುತ ಜೋರಾಗಿ ಬಡಿದರೆ ಇನ್ನಷ್ಟು ಕೆರಳುತ್ತದೆ, ಅಷ್ಟೇ.

ಅಯೋ ಇದರ ಜೊತೆಗೆ ತನ್ನದೇ ಗುರುತನ್ನೂ ಒತ್ತುತ್ತದೆ. ಅಯೋವಿನ ಮೂಲಕ ಹಾಯುವ ಕಾಂತರೇಖೆ ಗುರುವಿನ ವಾತಾವರಣವನ್ನು ಮುಟ್ಟುವ ಜಾಗದಲ್ಲಿ ಒಂದು ಹೊಳೆಯುವ ಚುಕ್ಕೆ ಇರುತ್ತದೆ, ಅದೇ ಅಯೋವಿನ ಹೆಜ್ಜೆಗುರುತು. ಹಳೆಗನ್ನಡಿಯವರು ಗಮನಿಸಬೇಕು: ಈ ಹೆಜ್ಜೆಗುರುತಿನ ಚಿತ್ರ ಮೊದಲು ಸಿಕ್ಕಿದ್ದು ನೇರಳಾತೀತದಲ್ಲಲ್ಲ. ಮೌನಾ ಕೀ ಮೇಲಿನ ನಾಸಾದ ಅವಕೆಂಪು ದೂರದರ್ಶಕದಿಂದ ಜಾಕ್ ಕಾನರ್ನಿ ತಂಡ 3.4 ಮೈಕ್ರಾನಿನಲ್ಲಿ ಅದನ್ನು ಹಿಡಿದು 1993ರಲ್ಲಿ ಪ್ರಕಟಿಸಿತು.

2016ರಲ್ಲಿ ಗುರುವನ್ನು ತಲುಪಿದ ಜೂನೋ ನೌಕೆಯಲ್ಲಿ ಇಟಲಿಯವರು ಕಟ್ಟಿದ ಜಿರಾಮ್ ಎಂಬ ಅವಕೆಂಪು ಉಪಕರಣವಿದೆ. ನೌಕೆ ಅರ್ಧ ನಿಮಿಷಕ್ಕೊಂದು ಸುತ್ತು ತಿರುಗುತ್ತಲೇ ಇರುತ್ತದೆ. ಚಿತ್ರ ಕಲಸಿಹೋಗದಂತೆ ಒಳಗಿನ ಪುಟ್ಟ ಕನ್ನಡಿಯೊಂದು ಆ ತಿರುಗುವಿಕೆಯನ್ನು ಸರಿದೂಗಿಸುತ್ತದೆ. ಸಂವೇದಕದ ಅರ್ಧ ಭಾಗ 3.45 ಮೈಕ್ರಾನಿಗೆ, ಇನ್ನರ್ಧ 4.8 ಮೈಕ್ರಾನಿನ ಆಸುಪಾಸಿಗೆ ಮೀಸಲು. ಮೊದಲನೆಯದರಲ್ಲಿ ಧ್ರುವಪ್ರಭೆ. ಎರಡನೆಯದರಲ್ಲಿ ಗ್ರಹದ ಒಳಗಿನ ಕಾವು, ಮೋಡಗಳ ಸಂದಿಯಿಂದ. ಉತ್ತರ ಧ್ರುವದ ಸುತ್ತ ಎಂಟು, ದಕ್ಷಿಣದ ಸುತ್ತ ಐದು ಚಂಡಮಾರುತಗಳು ನಿಂತ ಆ ಪ್ರಸಿದ್ಧ ಚಿತ್ರ ಎರಡನೆಯ ಬಗೆಯದು. ಅದನ್ನು ಧ್ರುವಪ್ರಭೆ ಎಂದು ಹಂಚಿಕೊಳ್ಳುವವರು ತಿಂಗಳಿಗೊಬ್ಬರಾದರೂ ಸಿಗುತ್ತಾರೆ.

ಜಿರಾಮ್ ಅಯೋವಿನ ಹೆಜ್ಜೆಗುರುತನ್ನು ಹತ್ತಿರದಿಂದ ನೋಡಿದಾಗ ಅದು ಒಂದೇ ಚುಕ್ಕೆಯಾಗಿ ಉಳಿಯಲಿಲ್ಲ. ಹಿಂದೆ ಉದ್ದಕ್ಕೆ ಚಾಚಿದ ಬಾಲದಲ್ಲಿ ಸಣ್ಣ ಸಣ್ಣ ಚುಕ್ಕೆಗಳು, ಒಂದು ಎಡಕ್ಕೆ, ಮುಂದಿನದು ಬಲಕ್ಕೆ, ಹೀಗೆ ಸಾಲಾಗಿ. ಗ್ಯಾನಿಮೀಡ್ ಎಂಬ ಇನ್ನೊಂದು ಉಪಗ್ರಹದ ಹೆಜ್ಜೆಗುರುತಂತೂ ಎರಡಾಗಿ ಸೀಳಿತ್ತು. 2018ರಲ್ಲಿ ಅಲೆಸ್ಸಾಂಡ್ರೊ ಮುರಾ ತಂಡ ಇವನ್ನು ಪ್ರಕಟಿಸಿತು. ಬಾಲದ ಚುಕ್ಕೆಗಳ ಜೋಡಣೆಯನ್ನು ಪೂರ್ತಿ ವಿವರಿಸುವ ಸಿದ್ಧಾಂತಕ್ಕೆ ಆಗ ಯಾರೂ ತಯಾರಿರಲಿಲ್ಲ.

ಹಳೆಗನ್ನಡಿ:
1993ರ ವಿಷಯ ಗೊತ್ತಿರಲಿಲ್ಲ. ಆಯಿತು, ಒಂದು ಅಂಕ ನಿಮಗೆ. ಆದರೆ ಉಷ್ಣತೆ ಅಳೆದು ಏನು ಸಾಧಿಸಿದರು? ಧ್ರುವಪ್ರಭೆ ಇರುವಲ್ಲಿ ಬಿಸಿ ಇರುತ್ತದೆ ಎಂದು ಹೇಳಲು ಹತ್ತು ಮೀಟರಿನ ದೂರದರ್ಶಕ ಬೇಕೇ?

ರೋಹಿತದರ್ಶಿ:
ಧ್ರುವದಲ್ಲಿ ಬಿಸಿ ಇರುವುದು ಆಶ್ಚರ್ಯವಲ್ಲ, ಸಮಭಾಜಕದಲ್ಲಿ ಬಿಸಿ ಇರುವುದು ಆಶ್ಚರ್ಯ. ಗುರುವಿಗೆ ಸಿಗುವ ಬಿಸಿಲಿನ ಲೆಕ್ಕ ಹಾಕಿದರೆ ಅದರ ಮೇಲಿನ ವಾತಾವರಣ ಸರಾಸರಿ ಮೈನಸ್ 73 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಳೆದರೆ 420 ಡಿಗ್ರಿಗೂ ಹೆಚ್ಚು. ಕಡಿಮೆ ಬಿದ್ದ ಈ ಶಾಖದ ಬಾಬ್ತು ಎಲ್ಲಿಂದ ಎಂಬುದು ದಶಕಗಳ ತಲೆನೋವು. ಧ್ರುವಪ್ರಭೆಯ ಶಾಖ ಹರಡುತ್ತದೆ ಎನ್ನೋಣವೆಂದರೆ, ಅಷ್ಟು ವೇಗವಾಗಿ ತಿರುಗುವ ಗ್ರಹದಲ್ಲಿ ಗಾಳಿ ಪೂರ್ವ-ಪಶ್ಚಿಮವಾಗಿ ತಿರುಗಿಬಿಡುತ್ತದೆ, ಶಾಖ ಧ್ರುವದಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಮಾದರಿಗಳು ಹೇಳುತ್ತಿದ್ದವು.

ಜೇಮ್ಸ್ ಓಡೊನಹ್ಯೂ ತಂಡ ಕೆಕ್ ದೂರದರ್ಶಕದಿಂದ ಎಚ್3+ ರೇಖೆಗಳನ್ನು ಬಳಸಿ ಧ್ರುವದಿಂದ ಸಮಭಾಜಕದವರೆಗೆ ಉಷ್ಣತೆಯ ನಕ್ಷೆ ಬರೆಯಿತು, 2021ರಲ್ಲಿ ಪ್ರಕಟಿಸಿತು. ಧ್ರುವಪ್ರಭೆಯ ಬಳಿ ಸುಮಾರು 1,000 ಕೆಲ್ವಿನ್ (730 ಡಿಗ್ರಿ ಸೆಲ್ಸಿಯಸ್‌ನಷ್ಟು), ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಇಳಿದು ಸಮಭಾಜಕದ ಬಳಿ 600 ಕೆಲ್ವಿನ್ (330 ಡಿಗ್ರಿಯಷ್ಟು) ಆಸುಪಾಸು. ಇಳಿಜಾರು ನಯವಾಗಿದೆ ಎಂದರೆ ಶಾಖ ಧ್ರುವದಿಂದ ಹರಿದು ಬರುತ್ತಿದೆ ಎಂದೇ ಅರ್ಥ. 2017ರ ಜನವರಿಯ ರಾತ್ರಿಯ ದತ್ತಾಂಶದಲ್ಲಿ ಧ್ರುವಪ್ರಭೆಯಿಂದ ಕಳಚಿಕೊಂಡು ಸಮಭಾಜಕದ ಕಡೆಗೆ ಹೊರಟ ಬಿಸಿ ಪಟ್ಟಿಯೊಂದೂ ಸಿಕ್ಕಿತು. ಗ್ರಹದ ಒಂದು ಸಣ್ಣ ಭಾಗದಲ್ಲಿ ಹೊಳೆಯುವ ಬೆಳಕು ಇಡೀ ಗ್ರಹದ ಮೇಲ್ಪದರವನ್ನು ಕಾಯಿಸುತ್ತಿದೆ. ಹತ್ತು ಮೀಟರಿನ ಕನ್ನಡಿಗೆ ಇದು ತಕ್ಕ ಕೆಲಸವಲ್ಲವೇ?

ಹಳೆಗನ್ನಡಿ:
ತಕ್ಕ ಕೆಲಸ. ಇದನ್ನು ಮೊದಲೇ ಹೇಳಿದ್ದರೆ ನಾನು ಜಗಳ ತೆಗೆಯುತ್ತಲೇ ಇರಲಿಲ್ಲ.

ಅಯೋ_ಪಥ:
ರೋಹಿತದರ್ಶಿಯವರ ಕಿಡಿ-ಕಬ್ಬಿಣದ ಹೋಲಿಕೆ ಚೆನ್ನಾಗಿದೆ, ಆದರೆ ಅದಕ್ಕೆ ಸರಿಯಾಗಿ ಏಟು ಬಿದ್ದಿದೆ. 2023ರ ಡಿಸೆಂಬರ್ 25ರಂದು ಜೊನಾಥನ್ ನಿಕೋಲ್ಸ್ ತಂಡ ಜೇಮ್ಸ್ ವೆಬ್‌ನ ನಿಯರ್‌ಕ್ಯಾಮ್ ಕ್ಯಾಮೆರಾದಿಂದ ಎಚ್3+ ಹೊಳಪನ್ನೂ, ಅದೇ ಹೊತ್ತಿಗೆ ಹಬಲ್‌ನಿಂದ ನೇರಳಾತೀತವನ್ನೂ ನೋಡಿತು. ಅವಕೆಂಪು ಹೊಳಪು ಕಾಲು ಗಂಟೆಯ ಲೆಕ್ಕದಲ್ಲಿ ನಿಧಾನವಾಗಿ ಏರಿಳಿಯುತ್ತದೆ ಎಂದುಕೊಂಡಿದ್ದರು. ಕಂಡದ್ದು ಬೇರೆ: ಕೆಲವೆಡೆ ಸೆಕೆಂಡುಗಳ ಲೆಕ್ಕದಲ್ಲಿ ಪಟಪಟನೆ ಬದಲಾಗುವ ಹೊಳಪು. ಅದಕ್ಕಿಂತ ದೊಡ್ಡ ಒಗಟು ಇನ್ನೊಂದಿದೆ. ವೆಬ್ ಕಂಡ ಅತ್ಯಂತ ಪ್ರಖರ ಬೆಳಕಿಗೆ ಹಬಲ್ ಚಿತ್ರದಲ್ಲಿ ಜೊತೆಯೇ ಇರಲಿಲ್ಲ. ಕಿಡಿಯೇ ಹಾರದೆ ಕಬ್ಬಿಣ ಕಾದದ್ದು ಹೇಗೆ ಹೇಳಿ.

ರೋಹಿತದರ್ಶಿ:
ಆ ಲೇಖನ ಓದಿದ್ದೇನೆ, 2025ರ ಮೇ ತಿಂಗಳಲ್ಲಿ ಬಂತು. ನೀವು ಹೇಳುವುದು ಸರಿ. ಹೋಲಿಕೆ ಕುಂಟುವುದು ಅಲ್ಲಿಯೇ. ಎಚ್3+ ಹುಟ್ಟಿ ಅಳಿಯುವ ಅವಧಿ ಕೆಲವೇ ನಿಮಿಷ. ಅದು ಮೀಥೇನ್ ಇರುವ ಆಳಕ್ಕೆ ಇಳಿದರೆ ಇನ್ನೂ ಬೇಗ ಸಾಯುತ್ತದೆ. ಹಾಗಾಗಿ ಕಣಗಳು ಎಷ್ಟು ಆಳಕ್ಕೆ ಹೊಕ್ಕವು ಎಂಬುದರ ಮೇಲೆ ಎರಡು ಬೆಳಕುಗಳ ಪಾಲು ಬದಲಾಗುತ್ತದೆ. ಶಕ್ತಿ ಹೆಚ್ಚಿದ್ದರೆ ಕಣಗಳು ಆಳಕ್ಕೆ ಹೋಗುತ್ತವೆ, ನೇರಳಾತೀತ ಜೋರಾಗಿರುತ್ತದೆ, ಎಚ್3+ ಬದುಕುವುದಿಲ್ಲ. ಅವಕೆಂಪು ಮಾತ್ರ ಪ್ರಖರವಾಗಬೇಕಾದರೆ ಬಹಳ ಕಡಿಮೆ ಶಕ್ತಿಯ ಕಣಗಳು ಭಾರೀ ಸಂಖ್ಯೆಯಲ್ಲಿ ಸುರಿಯಬೇಕು. ಅಂಥ ಸುರಿತ ಸಾಧ್ಯವಿಲ್ಲ ಎಂದೇ ಎಲ್ಲರೂ ಭಾವಿಸಿದ್ದರು. ಆ ತಂಡವೂ ಅದನ್ನು ಬಗೆಹರಿಸಿದ್ದೇವೆ ಎಂದು ಹೇಳಿಕೊಂಡಿಲ್ಲ. ನನ್ನ ಅನಿಸಿಕೆ ಕೇಳಿದರೆ, ಜೂನೋ ಅದೇ ಕಾಂತರೇಖೆಗಳನ್ನು ದಾಟುವಾಗ ಎಣಿಸಿದ ಎಲೆಕ್ಟ್ರಾನುಗಳ ಜೊತೆ ಇದನ್ನು ತಾಳೆ ಹಾಕುವವರೆಗೆ ಯಾವ ವಿವರಣೆಗೂ ಗಂಟು ಬೀಳಬಾರದು.

ಪ್ರಶ್ನಾರ್ಥಕ:
ಉಳಿದ ದೈತ್ಯ ಗ್ರಹಗಳಲ್ಲಿಯೂ ಎಚ್3+ ಇದೆಯೇ?

ರೋಹಿತದರ್ಶಿ:
ನಾಲ್ಕರಲ್ಲಿಯೂ ಇದೆ. ಯುರೇನಸ್, ಶನಿಗಳಲ್ಲಿ 1990ರ ದಶಕದ ಆರಂಭದಲ್ಲಿಯೇ ಸಿಕ್ಕಿತು, ಶನಿಯನ್ನು ಕ್ಯಾಸಿನಿ ನೌಕೆ ವರ್ಷಗಟ್ಟಲೆ ಹತ್ತಿರದಿಂದ ನೋಡಿತು. ಯುರೇನಸ್‌ನಲ್ಲಿ ಅವಕೆಂಪು ಧ್ರುವಪ್ರಭೆಯೇ ಎಂದು ಖಚಿತವಾದದ್ದು 2023ರಲ್ಲಿ, 2006ರಲ್ಲಿ ಕೆಕ್ ತೆಗೆದಿದ್ದ ಹಳೆಯ ದತ್ತಾಂಶದಿಂದ. ನೆಪ್ಚೂನ್ ಮಾತ್ರ ಮೂವತ್ತು ವರ್ಷ ಸತಾಯಿಸಿತು. ಕೊನೆಗೆ 2023ರಲ್ಲಿ ವೆಬ್ ಪಡೆದ ರೋಹಿತದಲ್ಲಿ ಸಿಕ್ಕಿ 2025ರಲ್ಲಿ ಪ್ರಕಟವಾಯಿತು. ಕಾರಣವೂ ಅದೇ ರೋಹಿತದಲ್ಲಿತ್ತು. ವಾಯೇಜರ್ 2 ಹಾದುಹೋದ 1989ಕ್ಕೆ ಹೋಲಿಸಿದರೆ ಅದರ ಮೇಲಿನ ವಾತಾವರಣ ನೂರಾರು ಡಿಗ್ರಿ ತಣ್ಣಗಾಗಿತ್ತು. ತಣ್ಣಗಾದರೆ ಎಚ್3+ ಮಂಕಾಗುತ್ತದೆ. ಹಳೆಯ ಉಷ್ಣತೆಯನ್ನು ನಂಬಿ ಹುಡುಕಿದವರು ಬರಿಗೈಯಲ್ಲಿ ಮರಳಿದ್ದರಲ್ಲಿ ಅವರ ತಪ್ಪೇನಿಲ್ಲ.

ಮೀಥೇನ್889:
ನನ್ನ ಒಂದು ಸಣ್ಣ ಪ್ರಶ್ನೆ ಎಲ್ಲಿಗೋ ಹೋಯಿತು, ಸಂತೋಷ. ಸ್ವಂತ ಉಪಕರಣದಿಂದ ಆಗದು ಎಂದು ಅರ್ಥವಾಯಿತು. ಹಾಗಾದರೆ ನನ್ನಂಥವರು ಮಾಡಬಹುದಾದದ್ದು ಏನೂ ಇಲ್ಲವೇ?

ಅಯೋ_ಪಥ:
ಬೇಕಾದಷ್ಟಿದೆ. ಜಿರಾಮ್ ದತ್ತಾಂಶ ನಾಸಾದ ಪ್ಲಾನೆಟರಿ ಡೇಟಾ ಸಿಸ್ಟಮ್‌ನಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಮೊದಲ ಬಾರಿಗೆ ತೆರೆದರೆ ನಿರಾಸೆಯಾಗುತ್ತದೆ: ಕಪ್ಪು ಹಿನ್ನೆಲೆಯ ಮೇಲೆ ಬೂದು ಎಳೆಗಳು, ಬಣ್ಣವಿಲ್ಲ, ಗ್ರಹದ ಅಂಚೂ ಇಲ್ಲ. ಚೌಕಟ್ಟು ಅಡ್ಡಕ್ಕೆ ಕಿರಿದಾದ ಪಟ್ಟಿ, ಒಂದರಲ್ಲಿ ಉಂಗುರದ ಚೂರಷ್ಟೇ ಇರುತ್ತದೆ. ಅಂಥವನ್ನು ಸಾಲಾಗಿ ಜೋಡಿಸಿದಾಗಲೇ ಉಂಗುರದ ಆಕಾರ ಹೊರಡುವುದು. 3.45 ಮೈಕ್ರಾನಿನವನ್ನು ಮಾತ್ರ ಆರಿಸಿಕೊಳ್ಳಿ, ಹೊಳಪಿನ ಮಾಪಕವನ್ನು ಲಾಗರಿದಮಿಕ್ ಮಾಡಿ, ಇಲ್ಲವಾದರೆ ಮುಖ್ಯ ಉಂಗುರದ ಮುಂದೆ ಅಯೋವಿನ ಬಾಲ ಮುಳುಗಿಹೋಗುತ್ತದೆ.

ಹಳೆಗನ್ನಡಿ:
889ರ ಚಿತ್ರಗಳನ್ನೂ ನಿಲ್ಲಿಸಬೇಡಿ. ಉತ್ತರದ ಉಂಗುರ ಧ್ರುವಕ್ಕೆ ನೆಟ್ಟಗೆ ಕೂತಿಲ್ಲ, ಒಂದು ಬದಿಗೆ ಜರುಗಿದೆ. ಸಿಸ್ಟಮ್ 3 ರೇಖಾಂಶ (ಗುರುವಿನ ಕಾಂತಕ್ಷೇತ್ರದ ಸುತ್ತಿಗೆ ಹೊಂದಿಸಿದ ರೇಖಾಂಶ) 180ರ ಆಸುಪಾಸು ನಮ್ಮ ಕಡೆ ತಿರುಗಿದಾಗ ಅದು ಚೆನ್ನಾಗಿ ಕಾಣುತ್ತದೆ, ಐದು ಗಂಟೆ ಕಳೆದರೆ ಮರೆಗೆ ಸರಿಯುತ್ತದೆ. ಮಬ್ಬು ಧ್ರುವಪ್ರಭೆಯ ಮಸಿಯೇ ಆಗಿದ್ದರೆ, ಆ ಎರಡು ಹೊತ್ತಿನ ಚಿತ್ರಗಳಲ್ಲಿ ಬಿಳಿ ಭಾಗದ ಅಂಚು ಬೇರೆ ಬೇರೆ ಇದೆಯೇ ಎಂದು ಅಳೆದು ನೋಡಬಹುದಲ್ಲ? ರೋಹಿತದರ್ಶಿಯವರೇ, ಎಂಟು ಇಂಚಿಗೆ ಇದು ಅತಿಯಾಸೆಯೇ?

ರೋಹಿತದರ್ಶಿ:
ಒಂದೇ ರಾತ್ರಿಯ ಚಿತ್ರದಿಂದ ಅತಿಯಾಸೆ. ಹಲವು ರಾತ್ರಿಗಳನ್ನು ರೇಖಾಂಶದ ಪ್ರಕಾರ ವಿಂಗಡಿಸಿ ಪೇರಿಸಿದರೆ ಪ್ರಯತ್ನಿಸಬಹುದು. ಆದರೆ ವಾತಾವರಣದ ಕಲಕಾಟ ಒಂದೇ ಮಟ್ಟದಲ್ಲಿರುವ ರಾತ್ರಿಗಳನ್ನೇ ಆರಿಸಬೇಕು, ಇಲ್ಲದಿದ್ದರೆ ಅಂಚು ಸರಿದದ್ದು ಗುರುವಿನಲ್ಲೋ ನಮ್ಮ ತಲೆಯ ಮೇಲಿನ ಗಾಳಿಯಲ್ಲೋ ಎಂದು ತಿಳಿಯುವುದಿಲ್ಲ. ಮೀಥೇನ್889 ಅವರೇ, ನಿಮ್ಮ ಮೂಲ ಕಡತಗಳಲ್ಲಿ ಸಮಯದ ಗುರುತು ಸಾರ್ವತ್ರಿಕ ಕಾಲಮಾನದಲ್ಲಿದೆಯೇ? ಇದ್ದರೆ ಈಗಿರುವ ಚಿತ್ರಗಳನ್ನೇ ರೇಖಾಂಶಕ್ಕೆ ಹೊಂದಿಸಿ ನೋಡೋಣ.

ಮೀಥೇನ್889:
ಇದೆ, ಸಾರ್ವತ್ರಿಕ ಕಾಲಮಾನದಲ್ಲಿಯೇ. ಇಂದು ರಾತ್ರಿ ವಿಂಗಡಿಸಿ ಹಾಕುತ್ತೇನೆ.